ಬಣ್ಣ ಕಾಣದ ಹುಲಿಗಳು: ಮಾರ್ನೆಮಿ ವೇಷದ ಹಳೆಯ ಫೋಟೋಗಳನ್ನು ಓದಲು ಕಲಿತ ಬಗೆ

ಮಂಗಳೂರು, ಉಡುಪಿಯ ಸುತ್ತಿನ ಹಳೆಯ ಮನೆಗಳ ಚಾವಡಿಯಲ್ಲಿ ಹಿರಿಯರ ಫೋಟೋ, ಮದುವೆಯ ಫೋಟೋಗಳ ಸಾಲಿನಲ್ಲಿಯೇ ಹುಲಿವೇಷದ ಯುವಕನೊಬ್ಬನ ಫೋಟೋಗೂ ಕಟ್ಟು ಹಾಕಿಸಿ ತೂಗಿಸಿರುವುದುಂಟು. ಮಾರ್ನೆಮಿಯ, ಎಂದರೆ ಮಹಾನವಮಿಯ ಕಾಲಕ್ಕೆ ಹುಲಿ, ಸಿಂಹ, ಕರಡಿ, ಬೇಟೆಗಾರ, ಮದುಮಗಳು, ಪೊಲೀಸ್, ಅಜ್ಜ-ಅಜ್ಜಿ ಮುಂತಾದ ವೇಷ ಧರಿಸಿ, ತಾಸೆ-ಡೋಲಿನ ಬಡಿತದೊಂದಿಗೆ ಮನೆಮನೆಗೂ ಅಂಗಡಿ ಅಂಗಡಿಗೂ ಹೋಗುವ ಪದ್ಧತಿ ಈ ಕರಾವಳಿಯಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅನೇಕರಿಗೆ ಅದು ಹರಕೆಯ ವೇಷ. ಮಗುವಿಗೆ ಕಾಯಿಲೆ ಬಂದಾಗಲೋ ಮನೆಗೆ ಕಷ್ಟ ಒದಗಿದಾಗಲೋ ದೇವಿಗೆ ಹೇಳಿಕೊಂಡು, ಕಷ್ಟ ಕಳೆದ ಮೇಲೆ ಹುಲಿಯಾಗಿ ಕುಣಿದು ಹರಕೆ ಸಲ್ಲಿಸುತ್ತಿದ್ದರು. ಮೈಮೇಲಿನ ಬಣ್ಣದ ಬಾಳಿಕೆ ಕೆಲವೇ ದಿನಗಳದು. ಅದು ಬಿರುಕು ಬಿಡುವ ಮೊದಲು ಸ್ಟುಡಿಯೋಗೆ ಹೋಗಿ ಒಂದು ಫೋಟೋ ತೆಗೆಸಿಕೊಂಡರೆ, ಹರಕೆ ಸಂದಿತೆಂಬುದಕ್ಕೆ ಮನೆಯಲ್ಲಿ ಒಂದು ಸಾಕ್ಷಿ ಉಳಿಯುತ್ತಿತ್ತು ಎಂದು ಹಿರಿಯರು ಹಲವರು ನನಗೆ ಹೇಳಿದ್ದಾರೆ.

ಇಂಥ ಫೋಟೋಗಳ ದೊಡ್ಡ ಸಂಗ್ರಹವೊಂದು ನನ್ನ ಕೈಸೇರಿದ್ದು, ತಲೆಮಾರುಗಳ ಕಾಲ ನಡೆದು ಬಾಗಿಲು ಮುಚ್ಚಿದ ಒಂದು ಸ್ಟುಡಿಯೋದ ಮನೆಯವರಿಂದ. ಕಟ್ಟಡ ಕೆಡವುವ ಮೊದಲು ಅಟ್ಟದಲ್ಲಿದ್ದುದನ್ನೆಲ್ಲ ಇಳಿಸಬೇಕಾಗಿತ್ತು. ಗುಜರಿಗೆ ಕೊಡುವ ಮುನ್ನ ಯಾರಾದರೂ ನೋಡಲಿ ಎಂಬ ಒಳ್ಳೆಯ ಮನಸ್ಸು ಅವರಿಗಿತ್ತು. ಮರದ ಪೆಟ್ಟಿಗೆಗಳಲ್ಲಿ ಗಾಜಿನ ನೆಗೆಟಿವ್‌ಗಳು, ತಗಡಿನ ಡಬ್ಬಿಗಳಲ್ಲಿ ಶೀಟ್ ಫಿಲ್ಮ್‌ಗಳು, ಹಳೆಯ ಪೇಪರ್ ಪೊಟ್ಟಣಗಳಲ್ಲಿ ಯಾರೂ ಬಂದು ಒಯ್ಯದೆ ಉಳಿದ ಪ್ರತಿಗಳು, ಗೆದ್ದಲು ಅರ್ಧ ತಿಂದ ಆರ್ಡರ್ ಪುಸ್ತಕಗಳು. ಮದುವೆ, ನಾಮಕರಣ, ಪಾಸ್‌ಪೋರ್ಟ್ ಅಳತೆಯ ಮುಖಗಳ ನಡುವೆ ವೇಷದ ಫೋಟೋಗಳು ಚದುರಿದ್ದವು. ನಾನು ವೃತ್ತಿಯಿಂದ ದಾಖಲೆಗಾರನಲ್ಲ. ಆದರೆ ವೇಷದ ಫೋಟೋಗಳನ್ನಾದರೂ ಬೇರ್ಪಡಿಸಿ, ಪ್ರತಿಯೊಂದಕ್ಕೂ ಕಾಲ, ವೇಷ, ವೇಷಧಾರಿಯ ಹೆಸರು ಎಂಬ ಮೂರು ವಿವರಗಳನ್ನು ಹೊಂದಿಸಬೇಕೆಂದು ಆಗಲೇ ನಿರ್ಧರಿಸಿದೆ. ಈ ಮೂರರಲ್ಲಿ ಒಂದನ್ನು ಬಿಟ್ಟು ಇನ್ನೊಂದು ದೊರೆಯುವುದಿಲ್ಲ ಎಂಬುದು ಕೆಲಸ ಸಾಗಿದಂತೆ ತಿಳಿಯಿತು.

ಮೊದಲ ಕೆಲಸ ಒಣಗಿಸುವುದು. ನಮ್ಮ ಮಳೆಗಾಲದ ಗಾಳಿಯ ತೇವ ಫೋಟೋಗಳಿಗೆ ದೊಡ್ಡ ಶತ್ರು. ಫೋಟೋದ ಬಿಂಬವನ್ನು ಹಿಡಿದಿಟ್ಟುಕೊಂಡಿರುವುದು ಜೆಲಾಟಿನ್ ಎಂಬ ಪ್ರಾಣಿಜನ್ಯ ಪ್ರೋಟೀನಿನ ತೆಳುವಾದ ಪದರ. ಬೂಷ್ಟಿಗೆ ಅದು ಒಳ್ಳೆಯ ಆಹಾರ. ಬೂಷ್ಟು ಹಿಡಿದ ಜೆಲಾಟಿನ್ ನೀರಿನಲ್ಲಿ ಕರಗುವ ಸ್ಥಿತಿಗೆ ಬಂದಿರುತ್ತದೆ. ಆದ್ದರಿಂದ ಒದ್ದೆ ಬಟ್ಟೆಯಿಂದ ಒಂದು ಸಲ ಒರೆಸಿದರೂ ಬೂಷ್ಟಿನೊಂದಿಗೆ ಮುಖವೂ ಎದ್ದುಬರುತ್ತದೆ. ಮನೆಗಳಲ್ಲಿ ಹಬ್ಬದ ಮುನ್ನ ಗೋಡೆಯ ಫೋಟೋಗಳನ್ನು ಇಳಿಸಿ ಒದ್ದೆ ಬಟ್ಟೆಯಲ್ಲಿ ಒರೆಸುವ ರೂಢಿಯಿದೆ. ಹೊರಗಿನ ಗಾಜನ್ನು ಹಾಗೆ ಒರೆಸಬಹುದು, ಕಟ್ಟಿನಿಂದ ಹೊರತೆಗೆದ ಫೋಟೋವನ್ನು ಎಂದಿಗೂ ಒರೆಸಬಾರದು. ಮಳೆ ನಿಂತ ಮೇಲಿನ ಒಣ ತಿಂಗಳುಗಳಲ್ಲಿ, ಸಿಲಿಕಾ ಜೆಲ್ ಇರಿಸಿದ ಮುಚ್ಚಿದ ಪೆಟ್ಟಿಗೆಗಳಲ್ಲಿ ಅವುಗಳನ್ನು ನಿಧಾನವಾಗಿ ಒಣಗಲು ಬಿಟ್ಟು, ಬೂಷ್ಟು ಪುಡಿಯಾದ ಮೇಲೆ ಬಾಯಿಗೆ ಮುಖಗವಸು ಕಟ್ಟಿಕೊಂಡು ಮೃದುವಾದ ಕುಂಚದಿಂದ ಒಂದೇ ದಿಕ್ಕಿಗೆ ಗುಡಿಸುತ್ತಿದ್ದೆ. ಗಾಜಿನ ಫಲಕಗಳನ್ನು ಅಂಚಿನಲ್ಲಿಯೇ ಹಿಡಿಯಬೇಕು. ಒಂದರ ಮೇಲೊಂದು ಪೇರಿಸದೆ, ಉದ್ದನೆಯ ಅಂಚಿನ ಮೇಲೆ ನಿಲ್ಲಿಸಿ ಇಡಬೇಕು. ಫಿಲ್ಮ್‌ಗಳಲ್ಲಿ ಕೆಲವು ವಿನಿಗರ್‌ನಂತೆ ಹುಳಿವಾಸನೆ ಬೀರುತ್ತಿದ್ದವು. ಅಸಿಟೇಟ್ ಫಿಲ್ಮ್ ಕೆಡಲಾರಂಭಿಸಿದ್ದರ ಗುರುತು ಅದು. ಒಂದರ ಆಮ್ಲದಿಂದ ಪಕ್ಕದ್ದೂ ಕೆಡುವುದರಿಂದ ಅವುಗಳನ್ನು ಬೇರೆ ಇಟ್ಟು ಮೊದಲಿಗೇ ಸ್ಕ್ಯಾನ್ ಮಾಡಿದೆ. ಅಂಚಿನಲ್ಲಿ ‘ಸೇಫ್ಟಿ’ ಎಂಬ ಅಚ್ಚು ಇಲ್ಲದ ಹಳೆಯ ಫಿಲ್ಮ್‌ಗಳ ಬಗ್ಗೆ ಇನ್ನೂ ಎಚ್ಚರ ಬೇಕು. ಅವು ಸುಲಭವಾಗಿ ಹೊತ್ತಿಕೊಳ್ಳುವ ನೈಟ್ರೇಟ್ ಫಿಲ್ಮ್ ಆಗಿರಬಹುದು. ಕೊಡಕ್ ಕಂಪನಿ ಅದರ ತಯಾರಿಕೆಯನ್ನು ನಿಲ್ಲಿಸಿದ್ದು 1951ರಲ್ಲಿ.

ಸ್ಕ್ಯಾನ್ ಮಾಡುವುದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಕಾಗದದ ಪ್ರತಿಗಳನ್ನು 600 ಡಿಪಿಐಗೆ, ಟಿಫ್ ರೂಪದಲ್ಲಿ, ಕಪ್ಪು-ಬಿಳುಪಿನವನ್ನೂ ಬಣ್ಣದ ಕ್ರಮದಲ್ಲಿಯೇ ಸ್ಕ್ಯಾನ್ ಮಾಡಿದೆ. ಕಂದು ಕಲೆ, ಅಂಚಿನಲ್ಲಿ ಬೆಳ್ಳಿ ಮೇಲೆದ್ದು ನೀಲಿಯಾಗಿ ಹೊಳೆಯುವ ಪೊರೆ, ಹಿಂಬದಿಯ ಪೆನ್ಸಿಲ್ ಬರಹ ಇವೆಲ್ಲವೂ ಫೋಟೋದ ಚರಿತ್ರೆಯ ಭಾಗ. ಹಿಂಬದಿಯನ್ನು ಸ್ಕ್ಯಾನ್ ಮಾಡದೆ ಬಿಡುವವರಿದ್ದಾರೆ. ವೇಷದ ಫೋಟೋಗಳಲ್ಲಂತೂ ಮುಂಬದಿಗಿಂತ ಹಿಂಬದಿಯೇ ಹೆಚ್ಚು ಮಾತಾಡುತ್ತದೆ ಎಂದು ಬಲವಾಗಿ ಹೇಳಬಲ್ಲೆ.

ನನ್ನನ್ನು ಬಹಳ ದಿನ ಹಿಡಿದಿಟ್ಟದ್ದು ಹುಲಿಗಳ ಬಣ್ಣದ ಪ್ರಶ್ನೆ. ಗಾಜಿನ ಫಲಕಗಳಿಂದ ಮೂಡಿದ ಹುಲಿಗಳು ಬಹುಮಟ್ಟಿಗೆ ಕರಿಹುಲಿಗಳಂತೆ ಕಾಣುತ್ತಿದ್ದವು. ಮೈಯೆಲ್ಲ ಕಪ್ಪು, ಕಣ್ಣಿನ ಸುತ್ತ, ಬಾಯಿಯ ಬದಿ ಮತ್ತು ಹೊಟ್ಟೆಯ ಮೇಲೆ ಮಾತ್ರ ಬಿಳಿ, ಪಟ್ಟೆಗಳು ಎಲ್ಲಿವೆ ಎಂಬುದೇ ತಿಳಿಯುವುದಿಲ್ಲ, ಪಟ್ಟೆಗಳ ಅಂಚಿಗೆ ಎಳೆದ ಬಿಳಿಗೆರೆಗಳು ಮಾತ್ರ ತೇಲುತ್ತವೆ. ನಮ್ಮಲ್ಲಿ ಪಟ್ಟೆಹುಲಿ, ಮೈಮೇಲೆ ಚುಕ್ಕೆ ಬರೆದ ಚಿಟ್ಟೆಹುಲಿ, ಕರಿಹುಲಿ ಎಂದು ವೇಷದಲ್ಲಿಯೇ ಭೇದಗಳಿವೆ. ತಂಡದಲ್ಲಿ ಕರಿಹುಲಿ ಇದ್ದರೂ ಒಂದೋ ಎರಡೋ ಇರುತ್ತದೆ. ಹಾಗಿರುವಾಗ ಹಳೆಯ ಕಾಲದಲ್ಲಿ ಎಲ್ಲರೂ ಕರಿಹುಲಿಯನ್ನೇ ಹಾಕುತ್ತಿದ್ದರೆ? ಕೆಲವು ಮನೆಗಳವರು ಫೋಟೋ ನೋಡಿ ಹಾಗೆಯೇ ನಂಬಿದ್ದರು. ‘ನಮ್ಮ ಅಜ್ಜ ಹಾಕುತ್ತಿದ್ದದ್ದು ಕರಿಹುಲಿ’ ಎಂದು ಮಕ್ಕಳಿಗೂ ಹೇಳಿಕೊಟ್ಟಿದ್ದರು.

ಉತ್ತರ ಇದ್ದದ್ದು ಫಲಕದ ರಾಸಾಯನಿಕದಲ್ಲಿ. ಬೆಳ್ಳಿಯ ಲವಣಗಳು ತಾವಾಗಿಯೇ ನೀಲಿ ಮತ್ತು ನೇರಳೆ ಬೆಳಕಿಗೆ ಮಾತ್ರ ಸ್ಪಂದಿಸುತ್ತವೆ. ಹಳದಿ ಮತ್ತು ಕೆಂಪನ್ನು ಅವು ಕಾಣಲಾರವು. 1873ರಲ್ಲಿ ಹರ್ಮನ್ ವಿಲ್ಹೆಲ್ಮ್ ಫೋಗೆಲ್ ಎಂಬ ಜರ್ಮನ್ ವಿಜ್ಞಾನಿ, ಫಲಕಕ್ಕೆ ತಕ್ಕ ಬಣ್ಣದ ದ್ರವ್ಯವನ್ನು ಸೇರಿಸಿದರೆ ಅದು ಹಸಿರು ಬೆಳಕಿಗೂ ಸ್ಪಂದಿಸುವಂತೆ ಮಾಡಬಹುದೆಂದು ಕಂಡುಕೊಂಡ. ಹಾಗೆ ಬಂದ ಆರ್ಥೋಕ್ರೋಮ್ಯಾಟಿಕ್ ಫಲಕಗಳಲ್ಲಿ ಹಳದಿ ಸ್ವಲ್ಪಮಟ್ಟಿಗೆ ತಿಳಿಯಾಗಿ ಮೂಡಿದರೂ ಕೆಂಪು ಕಪ್ಪಾಗಿಯೇ ಉಳಿಯಿತು. ಎಲ್ಲ ಬಣ್ಣಗಳನ್ನೂ ಕಾಣಬಲ್ಲ ಪ್ಯಾಂಕ್ರೋಮ್ಯಾಟಿಕ್ ಫಲಕಗಳನ್ನು ಇಂಗ್ಲೆಂಡಿನ ರಾಟನ್ ಅಂಡ್ ವೇನ್‌ರೈಟ್ ಕಂಪನಿ 1906ರಲ್ಲಿಯೇ ಮಾರುಕಟ್ಟೆಗೆ ತಂದಿತ್ತು. ಆದರೆ ಅವುಗಳನ್ನು ಬಹುಮಟ್ಟಿಗೆ ಪೂರ್ತಿ ಕತ್ತಲಲ್ಲಿ ತೊಳೆಯಬೇಕು. ಕೆಂಪು ದೀಪದ ಬೆಳಕಿನಲ್ಲಿ ಬಿಂಬ ಮೂಡುವುದನ್ನು ಕಣ್ಣಾರೆ ನೋಡುತ್ತ ತೊಳೆದು ರೂಢಿಯಾದ ಊರಿನ ಸ್ಟುಡಿಯೋದವರು ಹಳೆಯ ಫಲಕಗಳನ್ನು ಸುಲಭವಾಗಿ ಬಿಡಲಿಲ್ಲ. ಹುಲಿಯ ಮೈಬಣ್ಣ ಹಳದಿಯಿಂದ ಕಿತ್ತಳೆಯವರೆಗಿನದು. ಕಪ್ಪು ಪಟ್ಟೆಯೂ ಕಿತ್ತಳೆಯ ಮೈಯೂ ಆ ಫಲಕದ ಪಾಲಿಗೆ ಒಂದೇ ಕತ್ತಲು.

ಇದನ್ನು ಓದಿ ತಿಳಿದುಕೊಂಡರಷ್ಟೇ ಸಾಲದು, ಕಣ್ಣಿಗೆ ಕಾಣಿಸಬೇಕು ಎನ್ನಿಸಿತು. ಈಗಿನ ನವರಾತ್ರಿಯಲ್ಲಿ ನಾನೇ ತೆಗೆದ ಹುಲಿವೇಷದ ಬಣ್ಣದ ಫೋಟೋವೊಂದನ್ನು ಕಂಪ್ಯೂಟರ್‌ನಲ್ಲಿ ತೆರೆದು, ಕೆಂಪು ಮತ್ತು ಹಸಿರಿನ ಚಾನೆಲ್‌ಗಳನ್ನು ತೆಗೆದುಹಾಕಿ ನೀಲಿಯನ್ನು ಮಾತ್ರ ಉಳಿಸಿ ಕಪ್ಪು-ಬಿಳುಪಾಗಿಸಿದೆ. ಬಿಸಿಲಿನಲ್ಲಿ ಹೊಳೆಯುತ್ತಿದ್ದ ಹಳದಿ ಹುಲಿ ಕ್ಷಣದಲ್ಲಿ ಕರಿಹುಲಿಯಾಯಿತು. ಕೆನ್ನೆಯ ಬಿಳಿ, ಹೊಟ್ಟೆಯ ಬಿಳಿ, ಪಟ್ಟೆಯಂಚಿನ ಬಿಳಿಗೆರೆ ಮಾತ್ರ ಉಳಿದವು. ಗಾಜಿನ ಫಲಕದ ಹುಲಿಯನ್ನು ಪಕ್ಕದಲ್ಲಿಟ್ಟರೆ ಅಣ್ಣತಮ್ಮಂದಿರಂತೆ ಕಾಣುತ್ತಿದ್ದವು. ಹಸಿರಿನ ಚಾನೆಲ್ ಸೇರಿಸಿದಾಗ ಮೈ ಬೂದುಬಣ್ಣಕ್ಕೆ ತಿರುಗಿ ಪಟ್ಟೆಗಳು ಮಸುಕಾಗಿ ಮೂಡಿದವು. ಕೆಂಪನ್ನೂ ಸೇರಿಸಿದಾಗ ಪಟ್ಟೆಗಳು ಒಂದೊಂದೂ ನಿಚ್ಚಳವಾಗಿ ನಿಂತವು. ಈ ಮೂರು ಚಿತ್ರಗಳನ್ನು ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ಮನೆಮನೆಗೆ ಒಯ್ದೆ. ಮುಂದೆ ನಡೆದ ಮಾತುಕತೆಗಳಿಗೆಲ್ಲ ಅದೇ ಆಧಾರವಾಯಿತು. ಅಜ್ಜನದು ಕರಿಹುಲಿ ಎಂದು ನಂಬಿದ್ದ ಮನೆಯ ಹಿರಿಯ ಮಗಳೊಬ್ಬರು ಆ ಹಾಳೆಯನ್ನು ಬಹಳ ಹೊತ್ತು ನೋಡಿ, ಬಣ್ಣ ತೆಗೆಯಲು ಅಪ್ಪನ ಬೆನ್ನಿಗೆ ಸೀಮೆಎಣ್ಣೆ ಹಚ್ಚಿ ಉಜ್ಜುತ್ತಿದ್ದಾಗ ತಮ್ಮ ಅಂಗೈಯೆಲ್ಲ ಹಳದಿಯಾಗುತ್ತಿತ್ತು ಎಂಬುದನ್ನು ನೆನಪಿಸಿಕೊಂಡರು. ಗೋಡೆಯ ಮೇಲಿನ ಫೋಟೋವನ್ನು ನಂಬಿ ಅವರು ತಮ್ಮ ಕೈಯ ನೆನಪನ್ನೇ ಬದಿಗಿಟ್ಟಿದ್ದರು. ಹಳೆಯ ಫೋಟೋವನ್ನು ಬರಿಗಣ್ಣಿನಿಂದ ನೋಡಿ ಚರಿತ್ರೆ ಬರೆಯುವುದು ಎಷ್ಟು ಅಪಾಯದ್ದು ಎಂಬುದು ನನಗೆ ಮನವರಿಕೆಯಾದದ್ದು ಆ ದಿನವೇ.

ಕಪ್ಪಾಗಿರುವ ಹುಲಿಯೆಲ್ಲ ಹಳೆಯದು ಎಂದು ತೀರ್ಮಾನಿಸುವುದಕ್ಕೂ ಬರುವುದಿಲ್ಲ. ಬಾಕ್ಸ್ ಕ್ಯಾಮರಾ ಇಟ್ಟುಕೊಂಡಿದ್ದವರು ಬಳಸುತ್ತಿದ್ದ ಕೊಡಕ್‌ನ ವೆರಿಕ್ರೋಮ್ ರೋಲ್ 1931ರಲ್ಲಿ ಬಂದಿತು, ಅದು ಆರ್ಥೋಕ್ರೋಮ್ಯಾಟಿಕ್. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ವೆರಿಕ್ರೋಮ್ ಪ್ಯಾನ್ ಬಂದದ್ದು 1956ರಲ್ಲಿ. ಆದ್ದರಿಂದ ಸ್ವಾತಂತ್ರ್ಯ ಬಂದು ಎಷ್ಟೋ ವರ್ಷಗಳ ನಂತರ ಅಂಗಳದಲ್ಲಿ ತೆಗೆದ ಹುಲಿಯೂ ಮಬ್ಬಾಗಿಯೇ ಇರಬಹುದು. ಪಟ್ಟೆ ನಿಚ್ಚಳವಾಗಿದ್ದರೆ ಅದು ತೀರ ಹಳೆಯದಾಗಿರುವ ಸಂಭವ ಕಡಿಮೆ ಎಂದು ಮಾತ್ರ ಹೇಳಬಹುದು.

ಕಾಲನಿರ್ಣಯಕ್ಕೆ ಬೇರೆ ಬೇರೆ ಸಾಕ್ಷಿಗಳನ್ನು ಒಟ್ಟುಗೂಡಿಸಬೇಕಾಯಿತು. ಕಾಗದದ ಮೇಲೆ ನೇರಳಾತೀತ ದೀಪ ಬಿಟ್ಟಾಗ ನೀಲಿಯಾಗಿ ಹೊಳೆದರೆ, ಅದರಲ್ಲಿ ಬಿಳುಪು ಹೆಚ್ಚಿಸುವ ದ್ರವ್ಯವಿದೆ ಎಂದು ಅರ್ಥ; ಫೋಟೋ ಕಾಗದಗಳಲ್ಲಿ ಅದರ ಬಳಕೆ ಹರಡಿದ್ದು 1950ರ ದಶಕದಲ್ಲಿ. ಹೊಳೆಯದಿದ್ದರೆ ಹಳೆಯದೆಂದು ಹೇಳಲಾಗದು, ಹೊಳೆದರೆ ಅದಕ್ಕಿಂತ ಹಳೆಯದಲ್ಲ ಎನ್ನಬಹುದು. ಸ್ಟುಡಿಯೋದ ಮೊಹರು ಇನ್ನೊಂದು ಸಾಕ್ಷಿ. ನಮ್ಮ ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೆ ಮದ್ರಾಸಿಗೆ ಸೇರಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾದದ್ದು 1973ರಲ್ಲಿ. ಮೊಹರಿನಲ್ಲಿ ಮದ್ರಾಸ್ ಇದೆಯೋ ಮೈಸೂರು ಇದೆಯೋ ಎಂಬುದರಿಂದಲೇ ಒಂದು ರಾಶಿ ಎರಡು ಪಾಲಾಯಿತು. ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ ನಂತರದ ಮೊಹರು. ಬೊಂಬಾಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಅಣ್ಣನಿಗೆ ತಮ್ಮನೊಬ್ಬ ಕಳುಹಿಸಿದ ವೇಷದ ಕಾರ್ಡಿನ ಮೇಲೆ ಆರನೇ ಜಾರ್ಜ್ ದೊರೆಯ ಅಂಚೆಚೀಟಿ ಇತ್ತು. ನಮ್ಮಲ್ಲಿ ಅವು ಚಲಾವಣೆಗೆ ಬಂದದ್ದು 1937ರಲ್ಲಿ. ಡಬ್ಬಿಗಳನ್ನು ಮಾತ್ರ ನಂಬಬಾರದು. ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 1967ರಿಂದ ಉತ್ಪಾದನೆ ಆರಂಭಿಸಿ ‘ಇಂದು’ ಹೆಸರಿನಲ್ಲಿ ಮಾರುತ್ತಿದ್ದ ಸಾಮಗ್ರಿಯ ಖಾಲಿ ಪೆಟ್ಟಿಗೆಗಳೊಳಗೆ ಅದಕ್ಕಿಂತ ಬಹಳ ಹಿಂದಿನ ನೆಗೆಟಿವ್‌ಗಳನ್ನು ತುಂಬಿಟ್ಟಿದ್ದರು.

ಇವೆಲ್ಲಕ್ಕಿಂತ ಹೆಚ್ಚು ನೆರವಾದದ್ದು ಹಿನ್ನೆಲೆಯ ಪರದೆ. ಅರಮನೆಯ ಮೆಟ್ಟಿಲು, ಕಟಕಟೆ, ದೂರದಲ್ಲೊಂದು ಕೊಳ ಬರೆದ ಪರದೆಯ ಮುಂದೆ ಹುಲಿಯೂ ನಿಂತಿದೆ, ಮದುಮಕ್ಕಳೂ ನಿಂತಿದ್ದಾರೆ. ಪರದೆಯ ಬಲಗಡೆ ಕೆಳಗೆ ಸಣ್ಣದೊಂದು ಹರಕು ಕಾಣಿಸಿಕೊಳ್ಳುತ್ತದೆ. ಮುಂದೆ ಅದು ಉದ್ದವಾಗುತ್ತದೆ. ಇನ್ನೂ ಮುಂದೆ ಅದಕ್ಕೆ ಹೊಲಿಗೆ ಬೀಳುತ್ತದೆ. ಆಮೇಲೆ ಅದನ್ನು ಮರೆಮಾಡಲು ಹೂಕುಂಡದ ಸ್ಟ್ಯಾಂಡೊಂದು ಬಂದು ನಿಲ್ಲುತ್ತದೆ. ಮದುವೆಯ ಫೋಟೋಗಳ ದಿನಾಂಕ ಆ ಮನೆಯವರಿಗೆ ಗೊತ್ತಿರುತ್ತದೆ. ಅವುಗಳ ಪರದೆಯ ಸ್ಥಿತಿಯನ್ನು ಕ್ರಮವಾಗಿ ಜೋಡಿಸಿ, ನಡುನಡುವೆ ಹುಲಿಗಳನ್ನು ಕೂರಿಸುತ್ತ ಹೋದೆ. ವೇಷದ ಫೋಟೋಗಳನ್ನು ಬೇರ್ಪಡಿಸಿ ಉಳಿದವನ್ನು ಮನೆಯವರಿಗೆ ಮರಳಿಸಬೇಕೆಂದಿದ್ದ ನಾನು ಆ ಯೋಚನೆಯನ್ನು ಕೈಬಿಟ್ಟದ್ದು ಇದೇ ಕಾರಣಕ್ಕೆ. ಸಂಗ್ರಹವನ್ನು ಒಡೆದರೆ ಸಾಕ್ಷಿಯೂ ಒಡೆಯುತ್ತದೆ. ಹಳೆಯ ವೇಷದ ಫೋಟೋಗಳನ್ನು ಬಿಡಿಬಿಡಿಯಾಗಿ ಆರಿಸಿ ಮಾರುವ ವ್ಯಾಪಾರ ಈಚೆಗೆ ಬೆಳೆಯುತ್ತಿದೆ. ಹಾಗೆ ಮಾರಾಟವಾದ ಫೋಟೋ ಅಂದವಾದ ವಸ್ತುವಾಗಿ ಉಳಿಯುತ್ತದೆ, ಅದರ ಊರು, ಕಾಲ, ಹೆಸರು ಮೂರೂ ಕಳಚಿಹೋಗುತ್ತವೆ.

ಬೀದಿಯಲ್ಲಿ ತೆಗೆದವುಗಳ ಲೆಕ್ಕ ಬೇರೆ. ಮಂಗಳೂರಿನ ರಥಬೀದಿಯ ಶಾರದಾ ಮಹೋತ್ಸವ 1920ರ ದಶಕದ ಆರಂಭದಲ್ಲಿ ಶುರುವಾದದ್ದರಿಂದ ಅದರ ಮೆರವಣಿಗೆ ಹಿನ್ನೆಲೆಯಲ್ಲಿದ್ದರೆ ಒಂದು ಮೇರೆ ಸಿಗುತ್ತದೆ. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದ ಈಗಿನ ಎತ್ತರದ ಗೋಪುರ ಕಂಡರೆ ಅದು 1991ರ ಜೀರ್ಣೋದ್ಧಾರದ ಕಾಲದಿಂದ ಈಚಿನದು. ಆ ಹೊತ್ತಿಗೆ ಬಣ್ಣದ ಫೋಟೋಗಳು ಬಂದಿದ್ದವು. ಅದಕ್ಕೂ ಹಿಂದಿನ ಮೊದಮೊದಲ ಬಣ್ಣದ ಪ್ರತಿಗಳಲ್ಲಿ ಹಸಿರು-ನೀಲಿಯ ವರ್ಣ ಮೊದಲು ಮಾಸಿ ಎಲ್ಲವೂ ಕೆಂಪಡರಿವೆ. ಹುಲಿಗಳ ಜೊತೆಗೆ ಆಕಾಶವೂ ಕೆಂಪಾಗಿದೆ.

ಕಪ್ಪು-ಬಿಳುಪಿನ ಪ್ರತಿಗೆ ಕೈಯಿಂದ ಬಣ್ಣ ಹಚ್ಚಿದ ಫೋಟೋಗಳೂ ಸಿಕ್ಕಿದವು. ಅವುಗಳನ್ನು ನೋಡಿದ ತಕ್ಷಣ ಬಣ್ಣದ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ತೋರುತ್ತದೆ. ಆದರೆ ಬಣ್ಣ ಹಚ್ಚುವವನು ತನ್ನ ಮೇಜಿನ ಮೇಲಿದ್ದ ಬಣ್ಣವನ್ನು ಹಚ್ಚಿದ್ದಾನೆಯೇ ಹೊರತು ವೇಷಧಾರಿಯ ಮೈಯಲ್ಲಿದ್ದುದನ್ನಲ್ಲ. ಮೊದಲಿನ ಕಾಲದ ವೇಷಗಾರಿಕೆಯಲ್ಲಿ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಬಿಳಿಗೆ ಸಫೇತ, ಕಪ್ಪಿಗೆ ಕಾಡಿಗೆ ಎಂಬುದು ಯಕ್ಷಗಾನದ ಚೌಕಿಯಲ್ಲಿ, ಎಂದರೆ ಬಣ್ಣದ ಮನೆಯಲ್ಲಿ, ಇಂದಿಗೂ ಹಿರಿಯರ ಬಾಯಲ್ಲಿರುವ ಮಾತು. ಅರದಾಳದ ಹಳದಿಗೂ ಮುಂದೆ ಡಬ್ಬಿಯಲ್ಲಿ ಬಂದ ಎಣ್ಣೆ ಬಣ್ಣದ ಹಳದಿಗೂ ಬಹಳ ವ್ಯತ್ಯಾಸವಿದೆ. ಎಣ್ಣೆ ಬಣ್ಣ ಬೆಳಕಿಗೆ ಮಿಂಚುತ್ತದೆ, ಪುಡಿಬಣ್ಣ ಮಿಂಚುವುದಿಲ್ಲ. ಕಪ್ಪಾಗಿರುವ ಹುಲಿಯ ಭುಜದ ಮೇಲೆ, ತೊಡೆಯ ಮೇಲೆ ಬೆಳಕಿನ ಮಿಂಚು ಇದೆಯೇ ಎಂದು ಹುಡುಕುವುದನ್ನು ರೂಢಿ ಮಾಡಿಕೊಂಡೆ. ಮಿಂಚು ಕಂಡಲ್ಲಿ ಪಟ್ಟೆಯ ಕಪ್ಪು ಒಂದು ರೀತಿ, ಮೈಯ ಕಪ್ಪು ಇನ್ನೊಂದು ರೀತಿ ಹೊಳೆದು, ಕಾಣದ ಪಟ್ಟೆಗಳ ಜಾಡು ಕೆಲವೊಮ್ಮೆ ಸಿಗುತ್ತಿತ್ತು.

ಮುಖವಾಡದ ವೇಷಗಳನ್ನು ಓದುವ ಬಗೆ ಬೇರೆ. ಹುಲಿಗೆ ಮುಖದ ಮೇಲೆಯೇ ಬಣ್ಣ ಬರೆದು ತಲೆಗೆ ಮಂಡೆ ಎಂಬ ರೋಮದ ಟೊಪ್ಪಿಗೆ ಕಟ್ಟುತ್ತಾರೆ. ಈ ಸಂಗ್ರಹದ ಕರಡಿ, ಸಿಂಹಗಳು ಹೆಚ್ಚಾಗಿ ಮುಖವಾಡ ಹಾಕಿವೆ. ಬೆಳಕು ಸಾಲದೆ ಶಟರ್ ತುಸು ಹೊತ್ತು ತೆರೆದಿಡಬೇಕಾಗಿದ್ದ ಕಾಲದಲ್ಲಿ, ಬಣ್ಣದ ಮುಖದಲ್ಲಿ ಎವೆಯಿಕ್ಕಿದ ಮಸುಕು ಉಳಿದಿದೆ. ಮುಖವಾಡದ ಕಣ್ಣು ಎವೆಯಿಕ್ಕದೆ ತೀಕ್ಷ್ಣವಾಗಿ ಮೂಡಿದೆ. ಒಂದೇ ಕರಡಿ ಮುಖವಾಡ ಬೇರೆ ಬೇರೆ ಕಾಲದ ಫೋಟೋಗಳಲ್ಲಿ ಬೇರೆ ಬೇರೆ ಮೈಗಳ ಮೇಲೆ ಬಂದಿರುವುದನ್ನು ಎಡಗಿವಿಯ ಮುರಿದ ತುದಿಯಿಂದ ಗುರುತಿಸಿದೆ. ಮುಖವಾಡವನ್ನು ಬಾಡಿಗೆಗೆ ತರುತ್ತಿದ್ದರು ಎಂದು ಒಬ್ಬರು ಹೇಳಿದರು. ಒಂದು ಮನೆಯದು, ಕೇಳಿದವರಿಗೆ ಕೊಡುತ್ತಿದ್ದರು ಎಂದು ಇನ್ನೊಬ್ಬರು ಹೇಳಿದರು. ಒಂದು ಫೋಟೋದಲ್ಲಿ ವೇಷಧಾರಿ ಮುಖವಾಡವನ್ನು ಕಂಕುಳಲ್ಲಿ ಹಿಡಿದು ತನ್ನ ಮುಖವನ್ನು ಕ್ಯಾಮರಾಕ್ಕೆ ಕೊಟ್ಟಿದ್ದಾನೆ. ಇಂಥ ಫೋಟೋಗಳು ಕಡಿಮೆ. ದುಡ್ಡು ಕೊಟ್ಟು ತೆಗೆಸಿಕೊಳ್ಳುವವನು ತನ್ನ ಮುಖ ಕಾಣಬೇಕೆಂದು ಬಯಸುವುದು ಸಹಜವೆಂದು ನಾವು ಭಾವಿಸುತ್ತೇವೆ. ಆದರೆ ಈ ಸಂಗ್ರಹದ ಹೆಚ್ಚಿನವರು ವೇಷವೇ ಪೂರ್ತಿಯಾಗಿ ಕಾಣಲಿ ಎಂದು ಮುಖ ಮುಚ್ಚಿಯೇ ನಿಂತಿದ್ದಾರೆ. ಹರಕೆಯ ಮಾತನ್ನು ನೆನೆದರೆ ಅದು ಅರ್ಥವಾಗುತ್ತದೆ. ದೇವಿಗೆ ಒಪ್ಪಿಸಿದ್ದು ವೇಷವನ್ನು.

ಹಾಗಾಗಿ ಹೆಸರು ಹುಡುಕುವುದು ಎಲ್ಲಕ್ಕಿಂತ ಕಷ್ಟದ ಹಂತವಾಯಿತು. ಆರ್ಡರ್ ಪುಸ್ತಕಗಳಲ್ಲಿ ‘ಹುಲಿ, ಕ್ಯಾಬಿನೆಟ್, 3 ಪ್ರತಿ, ಮುಂಗಡ’ ಎಂಬಂಥ ಒಕ್ಕಣೆ ಇರುತ್ತಿತ್ತು; ಕ್ಯಾಬಿನೆಟ್ ಎಂಬುದು ಫೋಟೋದ ಒಂದು ಅಳತೆ. ಹೆಸರಿನ ಜಾಗದಲ್ಲಿ ಮನೆಯ ಹೆಸರೋ ಕಸುಬೋ ಇರುತ್ತಿತ್ತು. ಫೋಟೋಗಳ ದೊಡ್ಡ ಪ್ರತಿಗಳನ್ನು ಹಿಡಿದು ಬೋಳಾರ, ಕುದ್ರೋಳಿ, ಬಂದರಿನ ಕಡೆಯ ಹಿರಿಯರಲ್ಲಿಗೆ ಹೋದೆ. ಸ್ವತಃ ಹುಲಿ ಹಾಕುತ್ತಿದ್ದವರು, ಬಣ್ಣ ಬರೆಯುತ್ತಿದ್ದವರು, ತಾಸೆ ಬಡಿಯುತ್ತಿದ್ದವರು ನೋಡುವ ರೀತಿ ಒಬ್ಬೊಬ್ಬರದು ಒಂದೊಂದು. ತಾಸೆಯವರು ಮೊದಲು ನೋಡುವುದು ಪಕ್ಕದಲ್ಲಿ ನಿಂತ ತಾಸೆಯವನನ್ನು. ಆತನಿಗೆ ಬಣ್ಣವಿಲ್ಲದ್ದರಿಂದ ಗುರುತು ಬೇಗ ಸಿಗುತ್ತದೆ, ತಾಸೆಯವನು ಸಿಕ್ಕರೆ ತಂಡ ಸಿಕ್ಕಂತೆ. ಬಣ್ಣ ಬರೆಯುವವರು ನೋಡುವುದು ಪಟ್ಟೆಯ ತಿರುವನ್ನು. ಮೊಣಕಾಲಿನ ಬಳಿ ಪಟ್ಟೆಯನ್ನು ಹೇಗೆ ಮುಗಿಸಿದ್ದಾರೆ, ಹುಬ್ಬಿನ ಬಿಳಿಯನ್ನು ಎಲ್ಲಿಂದ ಎತ್ತಿದ್ದಾರೆ ಎಂಬುದರಿಂದ ‘ಇದು ಇಂಥವರ ಕೈ’ ಎಂದು ತಡೆಯಿಲ್ಲದೆ ಹೇಳುತ್ತಿದ್ದರು. ಹಳೆಯ ಕುಣಿತಗಾರರೊಬ್ಬರು ನಿಂತ ಭಂಗಿಯನ್ನು ನೋಡಿ ಯಾರ ಶಿಷ್ಯನೆಂದು ಹೇಳಿದರು. ಅಕ್ಕಿಮುಡಿಯನ್ನು, ಎಂದರೆ ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆಯನ್ನು, ಹಲ್ಲಿನಿಂದ ಕಚ್ಚಿ ಎತ್ತಿ ಹಿಂದಕ್ಕೆ ಎಸೆಯುತ್ತಿದ್ದವರ ಕತ್ತು ಮತ್ತು ಭುಜ ಬೇರೆಯೇ ಇರುತ್ತದೆ ಎಂದು ತೋರಿಸಿಕೊಟ್ಟರು. ಮನೆಯ ಹೆಂಗಸರು ನೋಡುವುದು ಕಾಲಿನ ಬೆರಳುಗಳನ್ನು, ಕಿವಿಯನ್ನು, ಸೊಂಟದ ತಾಯತವನ್ನು. ಹುಲಿಯ ಬಣ್ಣ ಕಿವಿಯ ಆಕಾರವನ್ನು ಬದಲಿಸಲಾರದು. ನಿಶ್ಚಿತವಾಗಿ ಸಿಕ್ಕ ಹೆಸರುಗಳಲ್ಲಿ ಹೆಚ್ಚಿನವು ಹೆಂಗಸರ ಕಣ್ಣಿನಿಂದ ಸಿಕ್ಕವು. ವೇಷದ ಚರಿತ್ರೆಯನ್ನು ಬರೆಯುವವರು ಅವರನ್ನು ಕೇಳುವುದೇ ಇಲ್ಲ ಎಂಬುದು ನನಗೆ ತುಂಬ ಬೇಸರದ ಸಂಗತಿ. ವೇಷ ಹಾಕಿದವರು ಗಂಡಸರೇ ಇರಬಹುದು. ಬಣ್ಣ ಹಚ್ಚುವ ಹಿಂದಿನ ರಾತ್ರಿಯ ಧೂಪದ ಪೂಜೆಯಾದ ಊದುಪೂಜೆಗೆ ಬೇಕಾದುದನ್ನು ಹೊಂದಿಸಿದವರು, ಬಣ್ಣ ಒಣಗುವವರೆಗೆ ಕೈಚಾಚಿ ನಿಂತವನಿಗೆ ಗಂಜಿ ಕುಡಿಸಿದವರು, ಹಬ್ಬ ಮುಗಿದ ಮೇಲೆ ಸೀಮೆಎಣ್ಣೆ, ತೆಂಗಿನೆಣ್ಣೆಯಲ್ಲಿ ಉಜ್ಜಿ ಮೈ ಬಿಡಿಸಿದವರು ಮನೆಯ ಹೆಂಗಸರು.

ಒಂದು ಗುಂಪಿನ ಫೋಟೋಗಳ ವಿಷಯದಲ್ಲಿ ನಾನು ಬೇರೆ ರೀತಿ ನಡೆದುಕೊಂಡೆ. ಮಾರ್ನೆಮಿಯಲ್ಲಿ ಇತರ ಜಾತಿಗಳವರು ಮೈಗೆ ಕಪ್ಪು ಬಳಿದುಕೊಂಡು, ಅಡಿಕೆ ಹಾಳೆಯ ಟೊಪ್ಪಿ ಇಟ್ಟುಕೊಂಡು ಕೊರಗ ವೇಷ ಹಾಕುವುದು ಹಿಂದೆ ರೂಢಿಯಲ್ಲಿತ್ತು. ಅದೂ ಹರಕೆಯೆಂದೇ ನಡೆಯುತ್ತಿತ್ತು. ಕೊರಗ ಸಮುದಾಯವನ್ನು ಅದು ಅವಮಾನಿಸುತ್ತದೆ ಎಂದು ಆ ಸಮುದಾಯದವರು ದೀರ್ಘಕಾಲ ಪ್ರತಿಭಟಿಸುತ್ತ ಬಂದಿದ್ದಾರೆ; ಕೊರಗರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು 2000ದಲ್ಲಿ ಕರ್ನಾಟಕ ಕಾಯ್ದೆಯಿಂದ ನಿಷೇಧಿಸಿತು. ಈ ಫೋಟೋಗಳನ್ನು ಹರಿದು ಎಸೆದರೆ ಆ ಅವಮಾನ ನಡೆದೇ ಇಲ್ಲ ಎಂದಂತಾಗುತ್ತದೆ. ಇತರ ವೇಷಗಳ ಸಾಲಿನಲ್ಲಿ ಹಬ್ಬದ ಸೊಗಸೆಂದು ತೋರಿಸಿದರೆ ಅವಮಾನವನ್ನು ಮುಂದುವರಿಸಿದಂತಾಗುತ್ತದೆ. ಕೊರಗ ಸಮುದಾಯದ ಹಿರಿಯರಲ್ಲಿಗೆ ಹೋಗಿ ಕೇಳಿದೆ. ಇಟ್ಟುಕೊಳ್ಳಿ, ಆದರೆ ಯಾರ ಮನರಂಜನೆಗೂ ತೋರಿಸಬೇಡಿ. ಏನು ನಡೆಯುತ್ತಿತ್ತು ಎಂಬುದನ್ನು ಅದರ ಜೊತೆಗೇ ಬರೆದಿಡಿ ಎಂದು ಅವರು ಹೇಳಿದರು. ಹಾಗೆಯೇ ಮಾಡಿದ್ದೇನೆ. ಅವು ಪಟ್ಟಿಯಲ್ಲಿವೆ, ಪ್ರದರ್ಶನದಲ್ಲಿ ಇಲ್ಲ. ಇದೇ ಎಚ್ಚರದಿಂದ, ಸಂಗ್ರಹದಲ್ಲಿ ಸೇರಿಕೊಂಡಿದ್ದ ದೈವದ ಕೋಲದ ಕೆಲವು ಫೋಟೋಗಳನ್ನು ವೇಷಗಳ ಪಟ್ಟಿಗೆ ಸೇರಿಸಲಿಲ್ಲ. ದೈವ ಕಟ್ಟಿದವರ ಅಣಿ (ಬೆನ್ನಿಗೆ ಕಟ್ಟುವ ಎತ್ತರದ ಅಲಂಕಾರ), ಮುಖವರ್ಣಿಕೆ ಹೊರಗಿನವರ ಕಣ್ಣಿಗೆ ವೇಷದಂತೆ ಕಂಡರೂ ನಂಬಿದವರ ಪಾಲಿಗೆ ಅದು ವೇಷವಲ್ಲ. ಅವುಗಳನ್ನು ಆಯಾ ಕುಟುಂಬಗಳಿಗೆ ತೋರಿಸಿ, ಅವರ ಮಾತಿನಂತೆ ಬೇರೆ ಇಟ್ಟಿದ್ದೇನೆ.

ಈಗ ಮೂಲ ಫಲಕಗಳು, ಫಿಲ್ಮ್‌ಗಳು, ಪ್ರತಿಗಳು ಆಮ್ಲರಹಿತ ಕಾಗದದ ಲಕೋಟೆಗಳಲ್ಲಿ, ತಗಡಿನ ಕಪಾಟಿನೊಳಗೆ ಇವೆ. ಹೊಳೆಯುವ ಪಿವಿಸಿ ಪ್ಲಾಸ್ಟಿಕ್ ಹಾಳೆಯ ಆಲ್ಬಮ್‌ಗಳಿಗೆ ಮತ್ತು ಅಂಟುಪುಟದ ಆಲ್ಬಮ್‌ಗಳಿಗೆ ಯಾವುದನ್ನೂ ಸೇರಿಸಿಲ್ಲ. ಮನೆಗಳಲ್ಲಿ ನೀರಿನಷ್ಟೇ ಹಾಳುಮಾಡಿರುವುದು ಆ ಅಂಟು. ಗುರುತು ಸಿಕ್ಕ ಪ್ರತಿ ಮನೆಗೂ ದೊಡ್ಡ ಅಳತೆಯ ಪ್ರತಿಯೊಂದನ್ನು ಕೊಟ್ಟೆ. ಕಪ್ಪು ಹುಲಿಯನ್ನು ಕಂಪ್ಯೂಟರಿನಲ್ಲಿ ಹಳದಿ ಮಾಡಿಕೊಡಿ ಎಂದು ಕೇಳಿದವರಿದ್ದರು. ಆಗುವುದಿಲ್ಲ ಎಂದೆ. ಅರದಾಳದ್ದೋ ಎಣ್ಣೆಬಣ್ಣದ್ದೋ ಎಂದು ತಿಳಿಯದೆ ಹಚ್ಚುವ ಹಳದಿ ಇನ್ನೊಂದು ಸುಳ್ಳಾಗುತ್ತದೆ. ಅದರ ಬದಲು ಹಿಂಬದಿಯಲ್ಲಿ ಚೀಟಿ ಅಂಟಿಸದೆ, ಜೊತೆಗಿನ ಕಾಗದದಲ್ಲಿ ಹೀಗೆ ಬರೆದುಕೊಟ್ಟೆ: ವೇಷ ಪಟ್ಟೆಹುಲಿ, ಮೈಬಣ್ಣ ಹಳದಿ ಎಂದು ಮಗಳ ಹೇಳಿಕೆ, ಫಲಕ ಹಳದಿಯನ್ನು ಗ್ರಹಿಸದ ಬಗೆಯದು.

ಪಟ್ಟಿಯಲ್ಲಿ ಹೆಸರಿನ ಪಕ್ಕ ‘ಗುರುತಿಸಿದವರು’ ಎಂಬ ಇನ್ನೊಂದು ಅಂಕಣವನ್ನು ಮಾಡಿದ್ದೇನೆ. ಯಾರು, ಯಾವ ಗುರುತಿನಿಂದ, ಎಷ್ಟು ಖಚಿತವಾಗಿ ಹೇಳಿದರು ಎಂಬುದು ಅಲ್ಲಿರುತ್ತದೆ. ರೋಮದ ಮಂಡೆ ಕಟ್ಟಿ, ಬಲಗಾಲು ಮುಂದಿಟ್ಟು ನಿಂತ ಹುಲಿಯೊಂದನ್ನು ಎರಡು ಮನೆಗಳವರು ತಮ್ಮವನೆಂದು ಗುರುತಿಸಿದರು. ಒಂದು ಮನೆಯವರು ತೋರಿಸಿದ್ದು ಕಿವಿಯನ್ನು, ಇನ್ನೊಂದು ಮನೆಯವರು ತೋರಿಸಿದ್ದು ಎಡಗೈಯ ಕಿರುಬೆರಳನ್ನು. ಆರ್ಡರ್ ಪುಸ್ತಕದ ಆ ಪುಟ ಗೆದ್ದಲಿಗೆ ಹೋಗಿದೆ. ಪರದೆಯ ಹರಕಿನಿಂದ ಸಿಗುವ ಕಾಲ ಇಬ್ಬರ ವಯಸ್ಸಿಗೂ ಹೊಂದುತ್ತದೆ. ಎರಡು ಹೆಸರುಗಳನ್ನೂ ಬರೆದು, ಎರಡೂ ಮನೆಗಳಿಗೆ ಪ್ರತಿ ಕೊಟ್ಟು, ಆ ಸಾಲನ್ನು ಪಟ್ಟಿಯಲ್ಲಿ ತೆರೆದೇ ಇಟ್ಟಿದ್ದೇನೆ.